ಫಾಸ್ಜನೈಟ್: ಉಂಗುರಕ್ಕೆ ಕೂರಿಸಬಾರದ ಸೀಸದ ಹರಳು

ರತ್ನ ಪರೀಕ್ಷೆಯ ಕೆಲಸದಲ್ಲಿರುವವರಿಗೂ ಫಾಸ್ಜನೈಟ್ ಕಾಣಸಿಗುವುದು ಅಪರೂಪ. ಸಿಕ್ಕಾಗ ಮೊದಲು ಅಚ್ಚರಿಯಾಗುವುದು ಅದರ ತೂಕ ಕಂಡು. ಇಷ್ಟು ಚಿಕ್ಕ ಕಲ್ಲು ಇಷ್ಟು ಭಾರವಾ ಅನ್ನಿಸುತ್ತದೆ. ಸೀಸ, ಕ್ಲೋರಿನ್ ಮತ್ತು ಕಾರ್ಬೊನೇಟ್ ಸೇರಿ ಆದ ಹರಳು ಇದು. ತೂಕದಲ್ಲಿ ಮುಕ್ಕಾಲು ಪಾಲು ಸೀಸವೇ.

ಆ ಸೀಸದಿಂದಲೇ ಹೊಳಪೂ ಬಂದಿದೆ. ಬೆಳಕನ್ನು ಬಗ್ಗಿಸುವ ಅಳತೆ, ಅಂದರೆ ವಕ್ರೀಭವನಾಂಕ, ಸುಮಾರು 2.11ರಿಂದ 2.14. ನಮ್ಮ ಮೇಜಿನ ಮೇಲಿನ ರಿಫ್ರಾಕ್ಟೋಮೀಟರ್ 1.81ಕ್ಕೇ ನಿಂತುಬಿಡುತ್ತದೆ, ಹಾಗಾಗಿ ಇಲ್ಲಿ ಅದರಿಂದ ಪ್ರಯೋಜನವಿಲ್ಲ. ಚೆನ್ನಾಗಿ ಸಾಣೆ ಹಿಡಿದ ಕಲ್ಲಿಗೆ ವಜ್ರದ ಥರದ ಹೊಳಪಿರುತ್ತದೆ. ಬಣ್ಣವಿಲ್ಲದ್ದು, ತಿಳಿ ಹಳದಿ, ಕಂದು, ಕೆಲವೊಮ್ಮೆ ಹಸಿರು ಛಾಯೆಯದ್ದು ಸಿಗುತ್ತವೆ.

ಇಷ್ಟು ಚೆಂದ ಇದೆ, ಉಂಗುರ ಮಾಡಿಸಬಹುದಲ್ವಾ ಅಂತ ಕೇಳುತ್ತಾರೆ. ಬೇಡ ಅಂತಲೇ ಹೇಳುತ್ತೇನೆ. 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಗಡಸುತನ ಬರೀ 2ರಿಂದ 3. ನಮ್ಮ ಉಗುರಿನದ್ದೇ ಸುಮಾರು 2.5. ಧೂಳಿನಲ್ಲಿರುವ ಮರಳಿನ ಕಣದ್ದು 7. ಸುಮ್ನೆ ಬಟ್ಟೆಯಲ್ಲಿ ಒರೆಸಿದರೂ ಗೀರು ಬೀಳಬಹುದು. ಸಾಲದ್ದಕ್ಕೆ ಸುಲಭವಾಗಿ ಸೀಳುವ ಗುಣವೂ ಇದೆ. ಸಾಣೆ ಹಿಡಿಯುವವರು ಇದನ್ನು ಮುಟ್ಟಲು ಹಿಂಜರಿಯುವುದು ಇದಕ್ಕೇ. ಸಾಣೆಯಿಂದ ಏಳುವ ಧೂಳಿನಲ್ಲಿ ಸೀಸ ಇರುವುದರಿಂದ ನೀರು ಹಾಯಿಸಿಕೊಂಡು, ಮುಖಗವಸು ಹಾಕಿಕೊಂಡೇ ಕೆಲಸ ಮಾಡಬೇಕು.

ಕೊಳ್ಳುವವರು ಗಮನಿಸಬೇಕಾದ ಒಂದು ಲೆಕ್ಕವಿದೆ. ವಜ್ರದ ಸಾಂದ್ರತೆ 3.52, ಫಾಸ್ಜನೈಟ್‌ನದು ಸುಮಾರು 6.1. ಅದೇ ಆಕಾರದಲ್ಲಿ 1 ಕ್ಯಾರೆಟ್ ವಜ್ರದಷ್ಟು ದೊಡ್ಡದಾಗಿ ಕಾಣುವ ಕಲ್ಲು ಇಲ್ಲಿ 1.7 ಕ್ಯಾರೆಟ್ ತೂಗುತ್ತದೆ. ಕ್ಯಾರೆಟ್ ಲೆಕ್ಕದಲ್ಲಿ ಬೆಲೆ ಕಟ್ಟಿದರೆ ತೂಕಕ್ಕೆ ದುಡ್ಡು ಹೋಗುತ್ತದೆ, ಗಾತ್ರ ಮಾತ್ರ ಚಿಕ್ಕದು. ಮಿಲಿಮೀಟರ್ ಅಳತೆ ಕೇಳದೆ ದುಡ್ಡು ಕೊಡಬೇಡಿ.

ಇದು ನೆಲದೊಳಗೆ ಹುಟ್ಟುವ ಬಗೆ ನನಗೆ ಬಹಳ ಇಷ್ಟ. ಸೀಸದ ಮುಖ್ಯ ಅದಿರು ಗೆಲೀನಾ, ಅಂದರೆ ಸೀಸ ಮತ್ತು ಗಂಧಕ ಕೂಡಿದ್ದು. ನೆಲದ ಮೇಲ್ಭಾಗದಲ್ಲಿ ಗಾಳಿ, ನೀರು ತಾಗಿ ಅದು ಕೊಳೆಯುತ್ತದೆ. ಗಂಧಕ ಸಲ್ಫೇಟ್ ಆಗಿ ಸೀಸದ ಜೊತೆಗೇ ಉಳಿದರೆ ಆಂಗ್ಲಿಸೈಟ್. ಕಾರ್ಬೊನೇಟ್ ಬಂದು ಸೇರಿದರೆ ಸೆರುಸೈಟ್. ಇವೆರಡೂ ಎಷ್ಟೋ ಗಣಿಗಳಲ್ಲಿ ಸಿಗುತ್ತವೆ. ಕಾರ್ಬೊನೇಟ್ ಜೊತೆಗೆ ಉಪ್ಪುನೀರಿನ ಕ್ಲೋರಿನ್ ಕೂಡ ಹದವಾಗಿ ಕೂಡಿಬಂದರೆ ಮಾತ್ರ ಫಾಸ್ಜನೈಟ್. ಅಪರೂಪವಾಗಿರುವುದು ಅದಕ್ಕೇ.

ಹೆಸರುವಾಸಿ ತಾಣ ಇಟಲಿಯ ಸಾರ್ಡೀನಿಯಾ ದ್ವೀಪದ ಮೊಂಟೆಪೋನಿ ಗಣಿ. ಬೆರಳುದ್ದಕ್ಕಿಂತ ದೊಡ್ಡ ಹರಳುಗಳು ಅಲ್ಲಿ ಸಿಕ್ಕಿವೆ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಕ್ರಾಮ್‌ಫರ್ಡ್ ಊರಿನ ಹತ್ತಿರ, ನಮೀಬಿಯಾದ ಸುಮೆಬ್‌ನಲ್ಲಿ ಕೂಡ ಸಿಕ್ಕಿದೆ. ಗ್ರೀಸ್‌ನ ಲಾರಿಯಂ ಕಥೆಯೇ ಬೇರೆ. ಪ್ರಾಚೀನ ಅಥೆನ್ಸ್‌ನವರು ಅಲ್ಲಿ ಬೆಳ್ಳಿ ತೆಗೆದು, ಉಳಿದ ಕಿಟ್ಟವನ್ನು ಸಮುದ್ರದ ದಂಡೆಗೆ ಸುರಿದರು. ಕಿಟ್ಟದ ತೂತುಗಳಿಗೆ ಸಮುದ್ರದ ನೀರು ನುಗ್ಗಿ, ಅಲ್ಲಿದ್ದ ಸೀಸದ ಜೊತೆ ಸೇರಿ, ಸಣ್ಣ ಸಣ್ಣ ಫಾಸ್ಜನೈಟ್ ಹರಳುಗಳು ಬೆಳೆದವು.

ಪ್ರಾಚೀನ ಈಜಿಪ್ಟಿನವರಂತೂ ಇದನ್ನು ಬೇಕೆಂದೇ ತಯಾರಿಸಿದ್ದರು. ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿ ಸಮಾಧಿಗಳಿಂದ ಬಂದ ಕಣ್ಣಿನ ಪುಡಿಗಳಿವೆ. ಅವನ್ನು ಪರೀಕ್ಷಿಸಿದಾಗ ಗೆಲೀನಾ ಜೊತೆ ಫಾಸ್ಜನೈಟ್ ಕೂಡ ಸಿಕ್ಕಿತು. 1999ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಸೀಸದ ಆಕ್ಸೈಡನ್ನು ಉಪ್ಪಿನ ಜೊತೆ ಅರೆದು, ನೀರು ಹಾಕಿ, ಮತ್ತೆ ಮತ್ತೆ ನೀರು ಬದಲಿಸುತ್ತಾ ಮಾಡಿರಬೇಕು ಎಂಬುದು ಸಂಶೋಧಕರ ವಿವರಣೆ. ಹಾಗಂತ ಇಂದು ಸೀಸ ಬೆರೆತ ಸುರ್ಮಾವನ್ನು ಮಕ್ಕಳ ಕಣ್ಣಿಗೆ ಹಚ್ಚಬೇಡಿ. ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ.

ಲ್ಯಾಬ್‌ನಲ್ಲಿ ಗುರುತಿಸುವುದು ಹೇಗೆ? ಮೊದಲು ತೂಕ. ಕಲ್ಲು ಗಾಳಿಯಲ್ಲಿ 1.84 ಕ್ಯಾರೆಟ್, ನೀರಿನಲ್ಲಿ 1.54 ತೂಗಿತು ಅಂದುಕೊಳ್ಳಿ. ಕಡಿಮೆಯಾದದ್ದು 0.30. 1.84ನ್ನು 0.30ರಿಂದ ಭಾಗಿಸಿದರೆ ಸಾಂದ್ರತೆ 6.13. ವಜ್ರದಂತೆ ಕಾಣುವ ಕೃತಕ ಕಲ್ಲು ಕ್ಯೂಬಿಕ್ ಜಿರ್ಕೋನಿಯಾ ಕೂಡ 6ರ ಹತ್ತಿರ ಬರಬಹುದು, ಆದರೆ ಅದು ತುಂಬಾ ಗಡಸು, ಅದರಲ್ಲಿ ಗೆರೆ ಎರಡಾಗಿ ಕಾಣುವುದಿಲ್ಲ. ಭೂತಗನ್ನಡಿಯಲ್ಲಿ ಹಿಂಬದಿಯ ಅಂಚುಗಳನ್ನು ನೋಡಿದರೆ ಫಾಸ್ಜನೈಟ್‌ನಲ್ಲಿ ಅವು ಸ್ವಲ್ಪ ಜೋಡಿಯಾಗಿ ಕಾಣುತ್ತವೆ. ಸೆರುಸೈಟ್‌ನಲ್ಲಿ ಅದೇ ಜೋಡಿ ವಿಪರೀತ, ಕಲ್ಲಿನ ಒಳಗೆಲ್ಲ ಮಸುಕು. ಅಲ್ಟ್ರಾವಯಲೆಟ್ ದೀಪದಲ್ಲಿ ಫಾಸ್ಜನೈಟ್ ಸಾಮಾನ್ಯವಾಗಿ ಹಳದಿಯಾಗಿ ಹೊಳೆಯುತ್ತದೆ. ಆದರೆ ಸೆರುಸೈಟ್‌ನಂಥ ಅದರ ಬಂಧುಗಳೂ ಹಾಗೇ ಹೊಳೆಯುವುದುಂಟು, ಅದೊಂದನ್ನೇ ನಂಬಿ ಸರ್ಟಿಫಿಕೇಟ್ ಬರೆಯಲಾಗದು. ಅನುಮಾನ ಉಳಿದರೆ ರಾಮನ್ ಪರೀಕ್ಷೆ, ಅಂದರೆ ಲೇಸರ್ ಬೆಳಕು ಬಿಟ್ಟು ಅದು ಚದುರುವ ಬಗೆಯಿಂದ ಹರಳನ್ನು ಗುರುತಿಸುವುದು. ಕಲ್ಲಿಗೆ ಒಂದು ಚೂರೂ ಪೆಟ್ಟಾಗುವುದಿಲ್ಲ.

ಕೊಂಡಾದ ಮೇಲೆ ಮುಚ್ಚಳವಿರುವ ಡಬ್ಬಿಯಲ್ಲಿ, ಬೇರೆ ಕಲ್ಲು ತಾಗದಂತೆ ಇಡಿ. ಅಲ್ಟ್ರಾಸಾನಿಕ್ ತೊಟ್ಟಿ, ಹಬೆ, ಆ್ಯಸಿಡ್ ಯಾವುದೂ ಬೇಡ. ಸಾರಯುಕ್ತ ನೈಟ್ರಿಕ್ ಆ್ಯಸಿಡ್ ಇರಲಿ, ನೀರು ಬೆರೆಸಿದ್ದು ತಾಗಿದರೂ ಅದು ನೊರೆಗಟ್ಟಿ ಕರಗುತ್ತದೆ. ಧೂಳು ಕೂತರೆ ಗಾಳಿ ಊದಿದರೆ ಸಾಕು. ಮುಟ್ಟಿದ ಮೇಲೆ ಕೈ ತೊಳೆಯಿರಿ. ಹುಟ್ಟಿದ ಗಣಿಯ ಹೆಸರು ಬರೆದ ಹಳೆಯ ಚೀಟಿ ಕಲ್ಲಿನ ಜೊತೆ ಬಂದಿದ್ದರೆ ಅದನ್ನೂ ಅದೇ ಡಬ್ಬಿಯಲ್ಲಿಡಿ, ಮುಂದೆ ಮಾರುವಾಗ ಬೆಲೆ ಜಾಸ್ತಿ ಬರುವುದು ಅದಿದ್ದರೇ.