ಆಕಾರ ತಪ್ಪಿದ ಲಸಿಕೆಯಿಂದ ಕಂಪ್ಯೂಟರಿನಲ್ಲಿ ಹುಟ್ಟಿದ ಲಸಿಕೆವರೆಗೆ

ಕೊರೊನಾ ಲಸಿಕೆ ಒಂದೇ ವರ್ಷದಲ್ಲಿ ಹೇಗೆ ಬಂತು, ಅವಸರದಲ್ಲಿ ಏನೋ ಮಾಡಿ ಸುಮ್ನೆ ಚುಚ್ಚಿದರು ಅನ್ನುವವರು ಈಗಲೂ ಇದ್ದಾರೆ. ಅದು ನಿಜವಲ್ಲ. ಆ ಲಸಿಕೆಗಳ ಹಿಂದಿನ ಕೆಲಸ ಎಷ್ಟೋ ವರ್ಷ ಹಳೆಯದು, ಅದರ ಬೇರು ಒಂದು ದುರಂತದಲ್ಲಿದೆ.

1966ರಲ್ಲಿ ಅಮೆರಿಕದಲ್ಲಿ ಆರ್‌ಎಸ್‌ವಿ ಎಂಬ ವೈರಸ್ಸಿಗೆ ಲಸಿಕೆ ಪ್ರಯೋಗ ನಡೆಯಿತು. ಹಸುಗೂಸುಗಳ ಉಸಿರಾಟಕ್ಕೇ ಕುತ್ತು ತರುವ ವೈರಸ್ ಇದು. ಫಾರ್ಮಲಿನ್ ಎಂಬ ರಾಸಾಯನಿಕ ಹಾಕಿ ವೈರಸ್ ಕೊಂದು ಲಸಿಕೆ ಮಾಡಿದ್ದರು. ಆದರೆ ಆಮೇಲೆ ಸೋಂಕು ತಗುಲಿದಾಗ ಲಸಿಕೆ ಪಡೆದ ಮಕ್ಕಳಿಗೇ ಕಾಯಿಲೆ ಜಾಸ್ತಿಯಾಯಿತು. ಅವರಲ್ಲಿ ಶೇ. 80ರಷ್ಟು ಮಕ್ಕಳು ಆಸ್ಪತ್ರೆ ಸೇರಿದರು, ಲಸಿಕೆ ಪಡೆಯದವರಲ್ಲಿ ಶೇ. 5 ಮಾತ್ರ. ಇಬ್ಬರು ಮಕ್ಕಳು ತೀರಿಕೊಂಡರು.

ಕಾರಣಗಳಲ್ಲಿ ಮುಖ್ಯವಾದದ್ದು ಆಕಾರ. ವೈರಸ್ಸಿನ ಮೈಮೇಲಿನ ಎಫ್ ಪ್ರೋಟೀನು ಹೂಡಿಟ್ಟ ಇಲಿಬೋನಿನ ಹಾಗೆ, ಒಂದು ಸಲ ಸಿಡಿದರೆ ಬೇರೆಯೇ ಆಕಾರ. ಆ ಲಸಿಕೆಯಲ್ಲಿ ಹೆಚ್ಚಾಗಿ ಇದ್ದದ್ದು ಸಿಡಿದ ಆಕಾರವೇ. ಅದನ್ನು ತೋರಿಸಿದರೆ ದೇಹ ಅದಕ್ಕೆ ತಕ್ಕ ಪ್ರತಿಕಾಯ ಮಾಡುತ್ತದೆ, ಅದು ನಿಜವಾದ ವೈರಸ್ಸನ್ನು ಸರಿಯಾಗಿ ತಡೆಯುವುದಿಲ್ಲ. ಸಿಡಿಯುವ ಮುಂಚಿನ ಆಕಾರ ಕಣ್ಣಿಗೆ ಬಿದ್ದದ್ದು 2013ರಲ್ಲಿ, ಅಮೆರಿಕದ ವಿಜ್ಞಾನಿಗಳಾದ ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ತಂಡಕ್ಕೆ. ಎಕ್ಸ್‌ರೇಯಿಂದ ಸಿಕ್ಕ ಆ ನಕ್ಷೆಯನ್ನು ಅವರು ಕಂಪ್ಯೂಟರಿನಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಹತ್ತಿರ ಬರುವ ಎರಡು ಜಾಗದಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಇಟ್ಟಿಗೆ ಅನ್ನಿ) ಕೂರಿಸಿ ಗಂಟು ಹಾಕಿದರು, ಒಳಗೆ ಪೊಳ್ಳಿದ್ದಲ್ಲಿ ದೊಡ್ಡ ಅಮೈನೋ ಆಮ್ಲ ತುಂಬಿ ಬಿಗಿ ಮಾಡಿದರು. ಪ್ರೋಟೀನು ಸಿಡಿಯದೆ ನಿಂತಿತು! ಆ ದಾರಿಯಲ್ಲೇ ನಡೆದು 2023ರಲ್ಲಿ ಆರ್‌ಎಸ್‌ವಿ ಲಸಿಕೆಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಇದೇ ಗುಂಪಿನವರು ಕೊರೊನಾದ್ದೇ ನೆಂಟನಾದ ಮೆರ್ಸ್ ವೈರಸ್ಸಿನ ಮೈಮೇಲಿನ ಮುಳ್ಳಿನಂಥ ಸ್ಪೈಕ್ ಪ್ರೋಟೀನಿಗೆ ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು ಎರಡು ಕಡೆ ಸೇರಿಸಿ ಗಟ್ಟಿ ಮಾಡಿ 2017ರಲ್ಲಿ ಪ್ರಕಟಿಸಿದ್ದರು. ಹಾಗಾಗಿ 2020ರ ಜನವರಿಯಲ್ಲಿ ಕೊರೊನಾದ ಜೀನೋಮ್ (ಅದರ ಪೂರ್ತಿ ಅನುವಂಶಿಕ ಮಾಹಿತಿ) ಹೊರಬಂದಾಗ ಎಲ್ಲಿ ಏನು ಬದಲಿಸಬೇಕು ಅನ್ನೋದು ಮೊದಲೇ ಗೊತ್ತಿತ್ತು. ಅಮೆರಿಕದ ಮಾಡೆರ್ನಾ ಕಂಪನಿಯ ಲಸಿಕೆ ಪ್ರಯೋಗದ ಮೊದಲ ಚುಚ್ಚುಮದ್ದು ಅದೇ ವರ್ಷ ಮಾರ್ಚ್ 16ಕ್ಕೆ. (ನಮ್ಮಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗಳಲ್ಲಿ ಈ ತಿದ್ದುಪಡಿ ಇರಲಿಲ್ಲ.)

ಇಲ್ಲಿಯವರೆಗೆ ವೈರಸ್ಸಿನದೇ ಪ್ರೋಟೀನಿಗೆ ತಿದ್ದುಪಡಿ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಬೇಕರ್, ನೀಲ್ ಕಿಂಗ್ ಅವರು ಪ್ರಕೃತಿಯಲ್ಲಿ ಇಲ್ಲದ ಪ್ರೋಟೀನನ್ನೇ ಕಂಪ್ಯೂಟರಿನಲ್ಲಿ ರಚಿಸಿದರು. ಎರಡು ಬಗೆಯ ತುಣುಕುಗಳನ್ನು ಬೆರೆಸಿದರೆ ತಾವಾಗಿ ಸೇರಿ ಪುಟ್ಟ ಗೋಳ ಆಗುತ್ತವೆ, ಅದರ ಮೇಲೆ ಸ್ಪೈಕಿನ 60 ಚೂರುಗಳು. ಇದೇ ಸ್ಕೈಕೋವಿಯೋನ್, 2022ರ ಜೂನ್‌ನಲ್ಲಿ ದಕ್ಷಿಣ ಕೊರಿಯಾ ಒಪ್ಪಿದ ಕೊರೊನಾ ಲಸಿಕೆ. 2024ರಲ್ಲಿ ಬೇಕರ್‌ಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಹಾಗಂತ ಗುಂಡಿ ಒತ್ತಿದರೆ ಲಸಿಕೆ ಬರಲ್ಲ. ದೇಹ ಹೇಗೆ ಸ್ಪಂದಿಸುತ್ತದೆ ಅನ್ನೋದನ್ನು ಕಂಪ್ಯೂಟರ್ ಪೂರ್ತಿ ಹೇಳಲಾರದು, ಪ್ರಾಣಿ ಮತ್ತು ಮನುಷ್ಯರ ಮೇಲಿನ ಪರೀಕ್ಷೆ ತಪ್ಪಿದ್ದಲ್ಲ. ಎಚ್‌ಐವಿಗೆ ಇವತ್ತಿಗೂ ಲಸಿಕೆ ಇಲ್ಲ ಅಲ್ವಾ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ (ಐಐಎಸ್‌ಸಿ), ಪ್ರೋಟೀನು ರಚನೆಯ ಹೆಸರಾಂತ ವಿಜ್ಞಾನಿ ಜಿ. ಎನ್. ರಾಮಚಂದ್ರನ್ ಕಟ್ಟಿದ ವಿಭಾಗದಲ್ಲೇ, ರಾಘವನ್ ವರದರಾಜನ್ ಅವರ ತಂಡ ಪ್ರೋಟೀನ್ ವಿನ್ಯಾಸದ ಈ ದಾರಿಯಲ್ಲಿ ಫ್ಲೂ, ಕೊರೊನಾ ಲಸಿಕೆಗಳಿಗೆ ದುಡಿದಿದೆ. ಅವರ ಕೊರೊನಾ ಲಸಿಕೆ 37 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನಾಲ್ಕು ವಾರ, 100 ಡಿಗ್ರಿಯಲ್ಲಿ 90 ನಿಮಿಷ ಇಟ್ಟರೂ ಕೆಡಲಿಲ್ಲ ಎಂದು 2021ರಲ್ಲಿ ವರದಿಯಾಯಿತು. ಕರೆಂಟು ಹೋಗಿ ಬರುವ ಊರಿನ ಆರೋಗ್ಯ ಕೇಂದ್ರಕ್ಕೆ ಬೇಕಾದದ್ದು ಇಂಥ ಲಸಿಕೆಯೇ.