ಹಳೆಯ ಕ್ರೇನಿನ ಹಗ್ಗದಲ್ಲಿ ಆಯ್ಲರ್

ಹೆದ್ದಾರಿ ಸೇತುವೆಯ ಕೆಲಸ ನಡೆಯುವಲ್ಲಿ ಬಣ್ಣ ಮಾಸಿದ ಹಳೆಯ ಕ್ರಾಲರ್ ಕ್ರೇನ್ (ಟ್ಯಾಂಕಿನಂತೆ ಉಕ್ಕಿನ ಪಟ್ಟಿಗಳ ಮೇಲೆ ಚಲಿಸುವ ಕ್ರೇನ್) ನಿಂತಿದ್ದರೆ ದಾರಿಹೋಕರು ಆಡುವ ಮಾತು ಹೆಚ್ಚುಕಡಿಮೆ ಒಂದೇ: ಗುತ್ತಿಗೆದಾರನಿಗೆ ಹೊಸದು ಕೊಳ್ಳುವ ಶಕ್ತಿಯಿಲ್ಲ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸುಮ್ಮನಿರಲಾಗುವುದಿಲ್ಲ. ಆ ಯಂತ್ರ ಅಲ್ಲಿ ಉಳಿದುಕೊಂಡಿರುವುದಕ್ಕೆ ಭೌತವಿಜ್ಞಾನದ ಕಾರಣವೊಂದಿದೆ. ಹಳೆಯ ಕ್ರೇನ್‌ಗಳನ್ನು ಹುಡುಕಿ ನೋಡುವ ಹವ್ಯಾಸಿಗಳಿಗೆ ಅದು ಚೆನ್ನಾಗಿ ಗೊತ್ತು.

ಅಮೆರಿಕದಲ್ಲಿ ಈ ಹವ್ಯಾಸಕ್ಕೆ ವಸ್ತು ಒದಗಿಸಿದ್ದು 1956ರ ಹೆದ್ದಾರಿ ಕಾಯ್ದೆ. ಸುಮಾರು 66,000 ಕಿಲೋಮೀಟರ್ ಉದ್ದದ ಅಂತರರಾಜ್ಯ ಹೆದ್ದಾರಿಗಳಿಗೆ ಲೆಕ್ಕವಿಲ್ಲದಷ್ಟು ಸೇತುವೆಗಳು ಬೇಕಾದವು, ಸೇತುವೆಗಳಿಗೆ ಕ್ರೇನ್‌ಗಳು ಬೇಕಾದವು. ವಿಸ್ಕಾನ್ಸಿನ್ನಿನ ಮ್ಯಾನಿಟೊವಾಕ್ ಮತ್ತು ನಾರ್ತ್‌ವೆಸ್ಟ್, ಮಿನೆಸೋಟದ ಅಮೆರಿಕನ್ ಹಾಯ್ಸ್ಟ್, ಸರಪಳಿ ತಯಾರಿಕೆಯಿಂದ ಬೆಳೆದು ಬಂದ ಲಿಂಕ್-ಬೆಲ್ಟ್: ಈ ಹೆಸರುಗಳು ಹವ್ಯಾಸಿಗಳ ನಾಲಗೆಯ ತುದಿಯಲ್ಲಿರುತ್ತವೆ. ಮ್ಯಾನಿಟೊವಾಕ್ 1902ರಲ್ಲಿ ಹಡಗು ಕಟ್ಟಲು ಹುಟ್ಟಿದ ಕಂಪನಿ. ಕ್ರೇನ್ ತಯಾರಿಕೆಗೆ ಅದು ಇಳಿದದ್ದು 1925ರಲ್ಲಿ. ಹಗ್ಗ ಮತ್ತು ಭಾರದ ಸಂಬಂಧ ಹಡಗುಕಟ್ಟೆಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಕಬ್ಬಿಣದ ಜಾಲರಿಯಂತಿರುವ ಬೂಮ್, ಅಂದರೆ ಕ್ರೇನಿನ ಉದ್ದನೆಯ ತೋಳು, ಕಂಡ ಕೂಡಲೇ ಅನೇಕರು ಕ್ರೇನ್ ಹಳೆಯದೆಂದು ತೀರ್ಮಾನಿಸುತ್ತಾರೆ. ಇಂದಿನ ದೈತ್ಯ ಕ್ರಾಲರ್ ಕ್ರೇನ್‌ಗಳಿಗೂ ಜಾಲರಿ ಬೂಮೇ ಇರುತ್ತದೆ. ತುದಿಯನ್ನು ಹಗ್ಗಗಳು ಹಿಂದಕ್ಕೆ ಎಳೆದು ಹಿಡಿದಿರುವುದರಿಂದ ಬೂಮ್ ಮುಖ್ಯವಾಗಿ ಒತ್ತಡ ಹೊರುವ ಕಂಬ. ಅಂಥ ಕಂಬದ ಉದ್ದ ಇಮ್ಮಡಿಯಾದರೆ ಅದು ಬಾಗದೆ ತಾಳುವ ಭಾರ ಕಾಲುಭಾಗಕ್ಕೆ ಇಳಿಯುತ್ತದೆ ಎಂಬುದು ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1744ರಲ್ಲಿ ಪ್ರಕಟಿಸಿದ ಲೆಕ್ಕ. ಪರಿಹಾರವೂ ಅದರಲ್ಲೇ ಇದೆ: ಉಕ್ಕನ್ನು ನಡುವಿನಲ್ಲಿ ಗುಡ್ಡೆ ಹಾಕದೆ ನಾಲ್ಕು ಮೂಲೆಗಳಿಗೆ ದೂರ ಸರಿಸಬೇಕು. ಜಾಲರಿ ಮಾಡುವುದು ಅದನ್ನೇ.

ಹಾಗಾದರೆ ಹಳೆಯದನ್ನು ಗುರುತಿಸುವುದು ಹೇಗೆ? ಕೊಕ್ಕೆ ಇಳಿಯುವ ರೀತಿಯಿಂದ. ಹೈಡ್ರಾಲಿಕ್ ಕ್ರೇನಿನಲ್ಲಿ ಭಾರ ಸಾಮಾನ್ಯವಾಗಿ ಎಣ್ಣೆಯ ಹರಿವಿನ ಹಿಡಿತದಲ್ಲಿ, ಒಂದೇ ಸಮನೆ ಇಳಿಯುತ್ತದೆ. ಹಳೆಯ ಘರ್ಷಣೆ ಕ್ರೇನಿನಲ್ಲಿ ಆಪರೇಟರ್ ಕ್ಲಚ್ ಬಿಟ್ಟರೆ ಹಗ್ಗ ಸುತ್ತಿದ ಡ್ರಮ್‌ಗೂ ಎಂಜಿನ್ನಿಗೂ ಸಂಬಂಧವೇ ಕಡಿಯುತ್ತದೆ. ಭಾರ ತನ್ನಷ್ಟಕ್ಕೆ ಬೀಳುತ್ತದೆ. ತಡೆಯುವುದು ಒಂದು ಕಾಲು ಮತ್ತು ಡ್ರಮ್ಮಿನ ಅಂಚನ್ನು ಸುತ್ತುವರಿದ ಬ್ರೇಕ್ ಪಟ್ಟಿ, ಅಷ್ಟೇ.

ಟನ್‌ಗಟ್ಟಲೆ ಭಾರವನ್ನು ಕಾಲೊಂದು ತಡೆಯುವುದೆಂದರೇನು! ಎತ್ತಿನ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ತುದಿ ಹಿಡಿದರೆ ಮಗುವೂ ಎತ್ತನ್ನು ನಿಲ್ಲಿಸಬಲ್ಲದು. ಬಂದರಿನಲ್ಲಿ ಒಬ್ಬನೇ ಆಳು ಹಡಗನ್ನು ತಡೆಯುವುದೂ ಹೀಗೆಯೇ. ಇದರ ಒಳಗಣ ಲೆಕ್ಕ ಚಕ್ರಬಡ್ಡಿಯದು. ಹಗ್ಗ ಕಂಬವನ್ನು ತಬ್ಬಿದ ಪ್ರತಿ ಬೆರಳಗಲದಲ್ಲೂ ಘರ್ಷಣೆ ಎಳೆತದ ಒಂದಿಷ್ಟು ಪಾಲನ್ನು ಕಡಿಯುತ್ತದೆ. ಮುಂದಿನ ಬೆರಳಗಲದಲ್ಲಿ ಉಳಿದದ್ದರ ಅಷ್ಟೇ ಪಾಲು, ಅದರ ಮುಂದೆ ಮತ್ತೆ ಅಷ್ಟೇ ಪಾಲು. ಸುತ್ತುಗಳು ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತವೆ. ಘರ್ಷಣೆಯ ಗುಣಾಂಕ, ಅಂದರೆ ಎರಡು ಮೈಗಳು ಒಂದನ್ನೊಂದು ಎಷ್ಟು ಹಿಡಿಯುತ್ತವೆ ಎಂಬ ಅಳತೆ, 0.3 ಇದ್ದರೆ ಒಂದು ಸುತ್ತಿಗೆ 6.6 ಪಟ್ಟು, ಎರಡಕ್ಕೆ 43, ಮೂರಕ್ಕೆ 285. ಹತ್ತು ಕಿಲೋ ಹಿಡಿತ ಮೂರು ಸುತ್ತಿನಲ್ಲಿ ಸುಮಾರು 2,850 ಕಿಲೋ ತಡೆಯುತ್ತದೆ. ಈ ಸೂತ್ರವೂ ಆಯ್ಲರನದೇ, 18ನೆಯ ಶತಮಾನದ್ದೇ. ಬೂಮ್ ಕಾಯುವ ಲೆಕ್ಕವೂ ಬ್ರೇಕ್ ಕಾಯುವ ಲೆಕ್ಕವೂ ಒಂದೇ ತಲೆಯಿಂದ ಬಂದವು ಎಂಬುದನ್ನು ನೆನೆದರೆ ನನಗೆ ಈಗಲೂ ಪುಳಕವಾಗುತ್ತದೆ. ಆತ ತೀರಿಕೊಂಡದ್ದು 1783ರಲ್ಲಿ, ಡೀಸೆಲ್ ಎಂಜಿನ್ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲು.

ಆದರೆ ಗುಣಿಸುವ ಶಕ್ತಿ ಎರಡೂ ಕಡೆಗೆ ಹರಿತ. ಬ್ರೇಕ್ ಪಟ್ಟಿ ಡ್ರಮ್ಮನ್ನು ಮುಕ್ಕಾಲು ಸುತ್ತು ತಬ್ಬಿದೆ, ಗುಣಾಂಕ 0.35 ಎಂದುಕೊಳ್ಳಿ. ಪಟ್ಟಿಯ ಒಂದು ತುದಿಯಲ್ಲಿ ಎಳೆದ ಬಲದ 4.2 ಪಟ್ಟು ತಡೆ ಸಿಗುತ್ತದೆ. ಮಳೆ ನೀರು ಒಳಸೇರಿ ಗುಣಾಂಕ 0.2ಕ್ಕೆ ಇಳಿದರೆ ಸಿಗುವುದು 1.6 ಪಟ್ಟು ಮಾತ್ರ. ಗುಣಾಂಕದಲ್ಲಿ ಆದ ಕುಸಿತ ಅರ್ಧಕ್ಕಿಂತ ಕಡಿಮೆ, ತಡೆಯಲ್ಲಿ ಆದ ಕುಸಿತ ಮಾತ್ರ ಅರ್ಧಕ್ಕಿಂತ ಹೆಚ್ಚು. ಒದ್ದೆಯಾದ ದಿನ ಅನುಭವಿ ಆಪರೇಟರ್ ಭಾರ ಎತ್ತುವ ಮೊದಲು ಬ್ರೇಕನ್ನು ಮೆಲ್ಲಗೆ ಉಜ್ಜಿಸಿ ಬಿಸಿ ಮಾಡಿ ಒಣಗಿಸುವುದು ಇದಕ್ಕಾಗಿ. ನೋಡುವವರು ಇದನ್ನು ಹಳೆಯ ಯಂತ್ರದ ಮರ್ಜಿ ಎನ್ನುತ್ತಾರೆ. ಯಂತ್ರಕ್ಕೆ ಮರ್ಜಿಯಿಲ್ಲ, ಗುಣಾಂಕವಿದೆ.

ಇಷ್ಟು ಅಪಾಯದ ಬೀಳುವಿಕೆ ಯಾಕೆ ಬೇಕು? ನೆಲಕ್ಕೆ ಪೈಲ್ (ಅಡಿಪಾಯದ ಉದ್ದನೆಯ ಕಂಬ) ಹೊಡೆಯುವ ಬೀಳುಸುತ್ತಿಗೆಗೆ ಬೀಳುವುದೇ ಕೆಲಸ. ನದಿಯ ತಳದ ಕೆಸರು ಬಗೆಯುವ ಬಕೆಟ್ಟನ್ನು ಬೀಳಬಿಟ್ಟರೆ ಅದು ತನ್ನ ತೂಕದಿಂದಲೇ ಕಚ್ಚಿಕೊಳ್ಳುತ್ತದೆ. ಈ ಸೌಲಭ್ಯವಿರುವ ಹೊಸ ಹೈಡ್ರಾಲಿಕ್ ಯಂತ್ರಗಳೂ ಉಂಟು. ಆದರೆ ಇಡೀ ದಿನ ಎತ್ತಿ ಬಿಡುವ ಒರಟು ಕೆಲಸಕ್ಕೆ ಈ ಹಳಬರು ಹೇಳಿ ಮಾಡಿಸಿದಂತಿದ್ದಾರೆ. ಆದ್ದರಿಂದ ಹವ್ಯಾಸಿಗಳು ಮೊದಲು ಅರಸುವುದು ಸೇತುವೆಯ ಅಡಿಪಾಯ ಏಳುವ ಜಾಗವನ್ನು.

ಇನ್ನೂ ಹಳೆಯ ಕೆಲವು ಕ್ರೇನ್‌ಗಳಲ್ಲಿ ಕೊಕ್ಕೆಯಷ್ಟೇ ಅಲ್ಲ, ಬೂಮೂ ಹೀಗೆ ಬ್ರೇಕ್ ಒಂದನ್ನೇ ನಂಬಿ ಇಳಿಯುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 2010ರಲ್ಲಿ ತಂದ ನಿಯಮದಂತೆ, ನೀರಿನ ಮೇಲೆ ತೇಲುವ ಕ್ರೇನ್‌ಗಳನ್ನು ಬಿಟ್ಟರೆ, 1984ರ ಅಕ್ಟೋಬರ್ 31ಕ್ಕೆ ಮೊದಲು ತಯಾರಾದ ಯಂತ್ರಗಳಿಗೆ ಮಾತ್ರ, ಅದೂ ಷರತ್ತುಗಳೊಂದಿಗೆ, ಇದಕ್ಕೆ ಅವಕಾಶ. ಬೂಮ್ ಬಿದ್ದರೆ ಅದರ ಕೆಳಗೆ ಜನರಿರಬಾರದು ಎಂಬುದೇ ಷರತ್ತುಗಳ ತಿರುಳು. ನೋಡಲು ಹೋಗುವವರೂ ಬೇಲಿಯ ಹೊರಗೆ, ಬೂಮಿನ ಉದ್ದಕ್ಕಿಂತ ದೂರದಲ್ಲಿ ನಿಲ್ಲಬೇಕು. ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಿ ಚಿತ್ರ ತೆಗೆಯುವುದು ಅದಕ್ಕಿಂತಲೂ ಕೆಟ್ಟ ಅಭ್ಯಾಸ.

ದೂರದಿಂದ ನೋಡಿದರೂ ಕಾಣುವುದು ಬಹಳವಿದೆ. ಸುತ್ತಿಗೆ ಮೇಲೇರುವಾಗ ಎಂಜಿನ್ ಗುಡುಗುತ್ತದೆ, ಹೊಗೆ ಕಪ್ಪಾಗುತ್ತದೆ. ಬೀಳುವ ಕ್ಷಣದಲ್ಲಿ ಸದ್ದು ಹಗುರಾಗುತ್ತದೆ, ಏಕೆಂದರೆ ಈಗ ಎಂಜಿನ್ ಹೊರುತ್ತಿರುವುದು ಏನೂ ಇಲ್ಲ. ಆಮೇಲೆ ಪೈಲಿನ ತಲೆಯ ಮೇಲೆ ಪೆಟ್ಟು. ಸಡಿಲಾದ ಹಗ್ಗ ಇನ್ನೊಂದು ಸುತ್ತು ಬಿಚ್ಚಿಕೊಳ್ಳುವಷ್ಟರಲ್ಲಿ ಕಾಲು ಬ್ರೇಕ್ ಒತ್ತಿರುತ್ತದೆ, ಡ್ರಮ್ ನಿಂತಿರುತ್ತದೆ.