ಪೆಟ್ ಸ್ಕ್ಯಾನ್‌ಗೆ ಮುನ್ನ ಉಪವಾಸ, ಮೌನ ಏಕೆ?

ಮುಖ್ಯವಾಗಿ ಕ್ಯಾನ್ಸರ್ ಗಡ್ಡೆಗಳನ್ನು ಹುಡುಕುವ ಪೆಟ್ ಸ್ಕ್ಯಾನ್‌ಗೆ ಬಂದವರು ಮೊದಲು ಕೇಳುವುದು ವಿಕಿರಣದ ಬಗ್ಗೆ. ನಾವು ಮೊದಲು ಕೇಳುವುದು, ಬೆಳಗ್ಗೆ ಏನು ತಿಂದಿರಿ ಎಂದು. ‘ಅರ್ಧ ಲೋಟ ಕಾಫಿ, ಅಷ್ಟೇ’ ಎನ್ನುವವರಿಗೆ ನಮ್ಮ ಗೊಣಗಾಟ ಅತಿಯೆನಿಸುತ್ತದೆ. ಆದರೆ ಪರೀಕ್ಷೆ ನಿಂತಿರುವುದೇ ಸಕ್ಕರೆಯ ಮೇಲೆ.

ರಕ್ತನಾಳಕ್ಕೆ ಕೊಡುವ ಎಫ್‌ಡಿಜಿ ಎಂಬ ಔಷಧ ಗ್ಲೂಕೋಸ್‌ನ ವೇಷ ತೊಟ್ಟ ಅಣು. ಒಂದು ಹೈಡ್ರಾಕ್ಸಿಲ್ ಗುಂಪಿನ (ಆಮ್ಲಜನಕ-ಜಲಜನಕದ ಜೋಡಿಯ) ಜಾಗದಲ್ಲಿ ವಿಕಿರಣಶೀಲ ಫ್ಲೋರಿನ್-18 ಕುಳಿತಿರುತ್ತದೆ. ಜೀವಕೋಶ ಅದನ್ನು ಸಕ್ಕರೆಯೆಂದೇ ಒಳಗೆ ಬಿಟ್ಟುಕೊಳ್ಳುತ್ತದೆ. ಹೆಕ್ಸೊಕೈನೇಸ್ ಎಂಬ ಕಿಣ್ವ ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತದೆ. ಅಲ್ಲಿಂದ ಮುಂದೆ ಅದು ಜೀರ್ಣವಾಗದು, ಸುಲಭವಾಗಿ ಹೊರಗೂ ಬಾರದು. ಸಕ್ಕರೆಗೆ ಹಸಿದ ಗಡ್ಡೆಗಳಲ್ಲಿ ಹೀಗೆ ಹೆಚ್ಚು ಶೇಖರವಾಗುತ್ತದೆ. ಫ್ಲೋರಿನ್ ಹೊರಹಾಕುವ ಪಾಸಿಟ್ರಾನ್, ಅಂದರೆ ಎಲೆಕ್ಟ್ರಾನ್‌ನ ಪ್ರತಿಕಣ, ಪಕ್ಕದ ಎಲೆಕ್ಟ್ರಾನ್ ಒಂದರ ಜೊತೆ ಸೇರಿ ಅಳಿದಾಗ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ಯಂತ್ರ ಹಿಡಿಯುವುದು ಈ ಜೋಡಿಯನ್ನು.

ಊಟ ಮಾಡಿದರೆ ಇನ್ಸುಲಿನ್ ಏರಿ ಔಷಧವನ್ನು ಸ್ನಾಯುಗಳಿಗೆ ದಬ್ಬುತ್ತದೆ. ಚುಚ್ಚಿದ ಮೇಲಿನ ಒಂದು ಗಂಟೆ ಮಾತಾಡುತ್ತ ಕುಳಿತರೆ ಧ್ವನಿಪೆಟ್ಟಿಗೆಯ ಸ್ನಾಯು ಹೊಳೆಯುತ್ತದೆ, ಚ್ಯೂಯಿಂಗ್ ಗಮ್ ಅಗಿದರೆ ದವಡೆ. ಚಳಿಯಲ್ಲಿ ನಡುಗಿದರೆ ಇನ್ನೂ ತಲೆನೋವು: ಕುತ್ತಿಗೆಯ ಕಂದು ಕೊಬ್ಬು ಬಿಸಿ ಹುಟ್ಟಿಸಲು ಸಕ್ಕರೆ ಸುಡುತ್ತದೆ, ಕ್ಯಾನ್ಸರ್ ಹರಡಿದೆಯೇ ಎಂದು ನಾವು ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ಹುಡುಕುವುದೂ ಅಲ್ಲಿಯೇ. ಕಂಬಳಿ ಹೊದಿಸುವುದು ಬರೀ ಉಪಚಾರಕ್ಕಲ್ಲ.

ತಡವಾಗಿ ಬಂದರೂ ಕಷ್ಟವೇ. ಸೈಕ್ಲೋಟ್ರಾನ್ ಎಂಬ ಕಣವೇಗವರ್ಧಕ ಯಂತ್ರದಲ್ಲಿ ತಯಾರಾಗುವ ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ. ನಿಮಗೆಂದು ಅಳೆದಿಟ್ಟ ಪ್ರಮಾಣ ಯಾರಿಗೂ ಕಾಯುವುದಿಲ್ಲ. ಭಯಪಡುವವರಿಗೆ ಇದೇ ಸಮಾಧಾನ ಕೂಡ. ಮರುದಿನ ಅದೇ ಹೊತ್ತಿಗೆ ಎಂಟು ಸಾವಿರದಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ, ಮೂತ್ರದಲ್ಲಿ ಹೋಗುವುದು ಬೇರೆ. ಮೊದಲ ಕೆಲವು ಗಂಟೆ ಗರ್ಭಿಣಿಯರು, ಎಳೆಮಕ್ಕಳಿಂದ ದೂರವಿದ್ದರೆ ಸಾಕು.

ವರದಿಯಲ್ಲಿ ‘ಹೆಚ್ಚಿನ ಹೀರಿಕೆ’ ಎಂದು ಓದಿ ಕಂಗಾಲಾಗುವವರಿಗೆ ಒಂದು ಮಾತು. ಉರಿಯೂತದ ಕೋಶಗಳೂ ಸಕ್ಕರೆ ಮುಕ್ಕುತ್ತವೆ. ಕ್ಷಯ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಎದೆಯೊಳಗಿನ ದುಗ್ಧಗ್ರಂಥಿಯೊಂದು ಝಗಮಗಿಸಿದರೆ ಅದು ಕ್ಷಯವೂ ಆಗಿರಬಹುದು. ತೀರ್ಪು ಕೊಡಬೇಕಾದದ್ದು ಬಯಾಪ್ಸಿ, ಅಂದರೆ ಅಂಗಾಂಶದ ಚೂರು ತೆಗೆದು ಮಾಡುವ ಪರೀಕ್ಷೆ.

ಇದಕ್ಕೆ ವಿರುದ್ಧವಾಗಿ, ಪ್ರಾಸ್ಟೇಟ್ ಕ್ಯಾನ್ಸರ್ ಬಹಳಷ್ಟು ಸಲ ಎಫ್‌ಡಿಜಿಗೆ ಕಾಣುವುದೇ ಇಲ್ಲ. ಅಲ್ಲಿ ವಿಕಿರಣಶೀಲ ಗ್ಯಾಲಿಯಂ-68 ಕಟ್ಟಿದ, ಆ ಗಡ್ಡೆಯ ಕೋಶಗಳ ಮೇಲಿರುವ ಪಿಎಸ್‌ಎಂಎ ಎಂಬ ಪ್ರೋಟೀನನ್ನು ಹುಡುಕಿ ಅಂಟುವ ಔಷಧ ಬಳಸುತ್ತೇವೆ. ಅದಕ್ಕೆ ಸಕ್ಕರೆಯ ಹಂಗಿಲ್ಲ. ಜೊತೆಗೆ ತೆಗೆಯುವ ಸಿ.ಟಿ. ಸ್ಕ್ಯಾನ್‌ಗೆಂದು ಕಾಂಟ್ರಾಸ್ಟ್ ಔಷಧ (ಚಿತ್ರ ಸ್ಪಷ್ಟವಾಗಿಸುವ ದ್ರವ) ಕೊಡುವುದಿಲ್ಲವಾದರೆ, ಆ ಪರೀಕ್ಷೆಗೆ ಸಾಮಾನ್ಯವಾಗಿ ತಿಂಡಿ ತಿಂದೇ ಬರಬಹುದು.